ಮೊದಲ ಸೂಜಿಗೆ ಮುಂಚೆ

1827ರ ಜುಲೈ 6ರಂದು ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಇಲ್ಲಿಗೆ ಹತ್ತಿರದ, ಕರ್ನೂಲು ಜಿಲ್ಲೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಬೆಳಿಗ್ಗೆ ಹಿಡಿದ ರೋಗ ರಾತ್ರಿಯ ಹೊತ್ತಿಗೆ ಅವನನ್ನು ಮುಗಿಸಿತ್ತು. ಸೋಂಕು ಎಂದರೆ ಈ ಸೀಮೆಯ ನೆನಪಿಗೆ ಮೊದಲು ಬರುವುದು ಇಂಥವೇ: ಕಾಲರಾ, ಪ್ಲೇಗು, ಸಿಡುಬು. ಬಂದದ್ದೂ ಗೊತ್ತಾಗುತ್ತದೆ, ಹೋದದ್ದೂ ಗೊತ್ತಾಗುತ್ತದೆ. ಎಷ್ಟು ಮನೆಯ ಬಾಗಿಲು ಮುಚ್ಚಿತೆಂದು ಊರು ಲೆಕ್ಕ ಇಟ್ಟುಕೊಳ್ಳುತ್ತದೆ. ಈ ದತ್ತಿ ಉಪನ್ಯಾಸಕ್ಕೆ ನಾನು ಆಯ್ದುಕೊಂಡಿರುವ ರೋಗ ಆ ಜಾತಿಯದಲ್ಲ. ಹೃದಯದ ಒಳಪೊರೆಗೂ ಕವಾಟಗಳಿಗೂ ಹತ್ತುವ ಸೋಂಕು ಅದು. ವೈದ್ಯರು ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಸಂಜೆಗೆ ಮೈ ಬೆಚ್ಚಗಾಗುತ್ತದೆ, ಊಟ ಸೇರುವುದಿಲ್ಲ, ತಿಂಗಳೊಪ್ಪತ್ತಿನಲ್ಲಿ ಅಂಗಿ ದೊಗಳೆಯಾಗುತ್ತದೆ. ಕೊನೆಗೊಂದು ದಿನ ಲಕ್ವ ಹೊಡೆಯಬಹುದು, ಇಲ್ಲವೇ ಉಸಿರು ಕಟ್ಟಬಹುದು. ಸಾವಿನ ಕಾಗದದಲ್ಲಿ ಜ್ವರ, ಪಾರ್ಶ್ವವಾಯು, ಹಾರ್ಟ್ ಫೇಲ್ ಎಂದು ಬೇರೆ ಬೇರೆ ಹೆಸರು ಬೀಳುತ್ತದೆ. ಹೆಸರೇ ಬೇರೆಯಾದ ಮೇಲೆ ಎಣಿಕೆಗೆ ಸಿಗುವುದು ಹೇಗೆ? ಎಣಿಕೆಗೆ ಸಿಗದ ರೋಗದ ಮೇಲೆ ಸಂಶೋಧನೆ ನಡೆಯುವುದು ಹೇಗೆ? ನನ್ನ ವಾದ ಸಣ್ಣದು. ದೀರ್ಘ ಜ್ವರದ ರೋಗಿಗೆ ಮೊದಲ ಆಂಟಿಬಯಾಟಿಕ್ ಸೂಜಿ ಚುಚ್ಚುವ ಮುಂಚೆ ಅವನ ರಕ್ತ, ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಕಲ್ಚರ್ ಸೀಸೆಗೆ ಹೋಗಬೇಕು. ಈ ಒಂದು ಕೆಲಸ ಸರಿಯಾಗಿ ನಡೆಯದ ತನಕ ದೇವನಕೊಂಡ, ಆಲೂರು, ಆದೋನಿ ಸೀಮೆಯ ರೋಗಿಗೆ ಜಗತ್ತಿನ ಸಂಶೋಧನೆಯ ಫಲ ದಕ್ಕುವುದಿಲ್ಲ, ಆ ಸಂಶೋಧನೆಗೆ ಈ ಸೀಮೆ ಏನನ್ನೂ ಕೊಡಲಾರದು.

ರೋಗದ ನಡೆಯನ್ನು ಮೊದಲು ತಿಳಿಯೋಣ. ನಮ್ಮ ಹೃದಯದ ಕವಾಟಗಳು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ಅವುಗಳ ಮೈ ನುಣುಪಾಗಿರುವ ತನಕ ರಕ್ತದಲ್ಲಿ ಹಾದುಹೋಗುವ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಕಾಲೂರಲು ಎಡೆಯಿಲ್ಲ. ಹಲ್ಲುಜ್ಜುವಾಗ, ಗಟ್ಟಿ ಪದಾರ್ಥ ಅಗಿಯುವಾಗ ಬಾಯಿಯ ಬ್ಯಾಕ್ಟೀರಿಯಾ ಎಲ್ಲರ ರಕ್ತಕ್ಕೂ ಆಗಾಗ ಇಳಿಯುತ್ತದೆ. ದೇಹ ಸ್ವಲ್ಪ ಹೊತ್ತಿನಲ್ಲೇ ಅದನ್ನು ಗುಡಿಸಿ ಹಾಕುತ್ತದೆ. ಆದರೆ ಎಳವೆಯ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕವಾಟವನ್ನು ದಪ್ಪಗಾಗಿಸಿ, ಸುಕ್ಕುಗಟ್ಟಿಸಿ ಬಿಟ್ಟಿದ್ದರೆ, ಅಥವಾ ಹುಟ್ಟಿನಿಂದಲೇ ಕವಾಟ ಸರಿಯಿಲ್ಲದಿದ್ದರೆ, ಅಥವಾ ಆಪರೇಷನ್ ಮಾಡಿ ಕೃತಕ ಕವಾಟ ಕೂರಿಸಿದ್ದರೆ, ರಕ್ತ ಅಲ್ಲಿ ಸುಳಿ ತಿರುಗಿ ಒಳಪೊರೆಯನ್ನು ತರಚುತ್ತದೆ. ತರಚಿದಲ್ಲಿ ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಅಂಟಿಕೊಳ್ಳುತ್ತವೆ, ಅದರೊಳಗೆ ಬ್ಯಾಕ್ಟೀರಿಯಾ ಸೇರಿ ಮನೆ ಮಾಡುತ್ತದೆ. ಬಾವಿಯ ಮೆಟ್ಟಿಲಿಗೆ ಪಾಚಿ ಕಟ್ಟಿದ ಹಾಗೆ ಕವಾಟದ ಅಂಚಿಗೆ ಒಂದು ಗಡ್ಡೆ ಕಟ್ಟುತ್ತದೆ. ವೆಜಿಟೇಶನ್ ಎಂದು ಅದರ ಹೆಸರು. ಅದಕ್ಕೆ ತನ್ನದೇ ರಕ್ತನಾಳವಿಲ್ಲ. ಆದ್ದರಿಂದ ಬಿಳಿ ರಕ್ತಕಣಗಳು ಒಳಗೆ ನುಗ್ಗಲಾರವು, ಔಷಧ ಹೊರಗಿನಿಂದ ಇಂಗಿಯೇ ಒಳಗೆ ಹೋಗಬೇಕು. ಒಂದು ಗ್ರಾಂ ಗಡ್ಡೆಯಲ್ಲಿ ನೂರು ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಾ ಇರಬಹುದು. ಒಳಗಿನವು ಬೆಳವಣಿಗೆ ನಿಧಾನಿಸಿ ಮಲಗಿದಂತಿರುತ್ತವೆ, ಬೆಳೆಯುವ ಬ್ಯಾಕ್ಟೀರಿಯಾವನ್ನೇ ಹೊಡೆಯುವ ಪೆನಿಸಿಲಿನ್ ಜಾತಿಯ ಔಷಧಕ್ಕೆ ಬೇಗ ಸಿಗುವುದಿಲ್ಲ. ಬೇರೆ ಜ್ವರಕ್ಕೆ ಐದು ದಿನ ಸಾಕಾಗುವ ಮದ್ದು ಇಲ್ಲಿ ನಾಲ್ಕರಿಂದ ಆರು ವಾರ ಬೇಕಾಗುವುದು ಇದರಿಂದಲೇ. ಗಡ್ಡೆಯ ಚೂರು ಕಿತ್ತು ರಕ್ತದ ಜೊತೆ ಹೋದರೆ ಮಿದುಳಿಗೋ ಮೂತ್ರಪಿಂಡಕ್ಕೋ ಗುಲ್ಮಕ್ಕೋ ಏಟು ಬೀಳುತ್ತದೆ. ಮೂವತ್ತರೊಳಗಿನ ಆಳಿಗೆ ಬಿಪಿ ಇಲ್ಲ, ಸಕ್ಕರೆ ಇಲ್ಲ, ಲಕ್ವ ಹೊಡೆಯಿತು ಎಂದಾಗ ಜ್ವರ ಎಷ್ಟು ದಿನದಿಂದ ಇತ್ತು ಎಂದು ಕೇಳುವ ವೈದ್ಯ ಅರ್ಧ ರೋಗ ಹಿಡಿದ ಹಾಗೆ.

ಈ ರೋಗದ ಸಂಶೋಧನೆಯ ಚರಿತ್ರೆಯೆಂದರೆ ರೋಗಿಗಳನ್ನು ತಾಳ್ಮೆಯಿಂದ ಕೂಡಿಸಿದ ಚರಿತ್ರೆ. 1885ರಲ್ಲಿ ವಿಲಿಯಂ ಆಸ್ಲರ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಮೂರು ಉಪನ್ಯಾಸ ಕೊಟ್ಟು, ಚದುರಿದ್ದ ಲಕ್ಷಣಗಳನ್ನು ಒಂದೇ ರೋಗದ ಚಿತ್ರವಾಗಿ ಜೋಡಿಸಿದ. ಅವೂ ದತ್ತಿ ಉಪನ್ಯಾಸಗಳೇ. 1909ರಲ್ಲಿ ಥಾಮಸ್ ಹಾರ್ಡರ್ 150 ರೋಗಿಗಳ ವಿವರ ಪ್ರಕಟಿಸಿದ. ನ್ಯೂಯಾರ್ಕಿನಲ್ಲಿ ಇಮ್ಯಾನುಯೆಲ್ ಲಿಬ್‌ಮನ್ ರೋಗಿ ಬದುಕಿರುವಾಗಲೇ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ತೋರಿಸುವುದನ್ನು ದಿನನಿತ್ಯದ ಕೆಲಸವಾಗಿಸಿದ. 1911ರ ಆರಂಭದಲ್ಲಿ ಸಂಗೀತಗಾರ ಗುಸ್ತಾವ್ ಮಾಹ್ಲರ್‌ಗೆ ಜ್ವರ ಹತ್ತಿದಾಗ ಲಿಬ್‌ಮನ್‌ನ ಸಹಾಯಕ ಜಾರ್ಜ್ ಬೇರ್ ಹೋಗಿ ರಕ್ತ ತೆಗೆದುಕೊಂಡು ಬಂದ; ಅದರಲ್ಲಿ ಸ್ಟ್ರೆಪ್ಟೊಕಾಕಸ್ ಬೆಳೆಯಿತು. ರೋಗದ ಹೆಸರು, ಬ್ಯಾಕ್ಟೀರಿಯಾದ ಹೆಸರು ಎರಡೂ ಸಿಕ್ಕವು, ಕೊಡಲು ಮದ್ದಿರಲಿಲ್ಲ. ಮೇ 18ಕ್ಕೆ ಮಾಹ್ಲರ್ ತೀರಿಕೊಂಡ. ನೂರು ವರ್ಷ ದಾಟಿದ ಮೇಲೆ ನಮ್ಮ ಹಳ್ಳಿಯ ಸ್ಥಿತಿ ನೋಡಿ. ಮಾಹ್ಲರ್‌ನನ್ನು ಉಳಿಸಬಹುದಾಗಿದ್ದ ಮದ್ದು ಮಂಡಲದ ಪ್ರತಿ ಮೆಡಿಕಲ್ ಶಾಪಿನಲ್ಲಿದೆ, ಅವನಿಗೆ ಸಿಕ್ಕಿದ್ದ ಆ ಕಲ್ಚರ್ ರಿಪೋರ್ಟು ಮಾತ್ರ ಇಲ್ಲ. ಪೆನಿಸಿಲಿನ್ ಬಂದ ಕತೆಯಲ್ಲೂ ಒಂದು ಪಾಠವಿದೆ. ಯುದ್ಧಕಾಲದಲ್ಲಿ ಅಮೆರಿಕದಲ್ಲಿ ಪೆನಿಸಿಲಿನ್ ಹಂಚುತ್ತಿದ್ದ ಸಮಿತಿ, ಕೆಲವೇ ರೋಗಿಗಳ ಮೇಲೆ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿ, ಈ ರೋಗಕ್ಕೆ ಇದು ನಾಟುವುದಿಲ್ಲ ಎಂದು ಕೈಬಿಟ್ಟಿತ್ತು. ಬ್ರೂಕ್ಲಿನ್ನಿನ ಲಿಯೊ ಲೋವ್ ಒಪ್ಪಲಿಲ್ಲ. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಕೊಟ್ಟು, ಏಳು ರೋಗಿಗಳು ಚೇತರಿಸಿಕೊಂಡ ವರದಿಯನ್ನು 1944ರಲ್ಲಿ ಪ್ರಕಟಿಸಿದ. ಮದ್ದು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಪ್ರಮಾಣ ಮತ್ತು ಕಾಲ. ಏಳೇ ರೋಗಿಗಳಿಂದ ಇಷ್ಟು ಹೇಳಲು ಸಾಧ್ಯವಾದದ್ದು ಆ ಏಳು ಮಂದಿಯ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೆಂದು ಮೊದಲೇ ಗೊತ್ತಿದ್ದುದರಿಂದ.

ಈಗ ಯಾರಿಗೆ ಈ ರೋಗ ಬರುತ್ತದೆ ಎಂಬ ಮಾತಿಗೆ ಬರೋಣ, ಏಕೆಂದರೆ ನನ್ನ ವಾದದ ಗಂಟು ಇಲ್ಲಿದೆ. 2000ದಿಂದ 2005ರವರೆಗೆ 25 ದೇಶಗಳ 58 ಆಸ್ಪತ್ರೆಗಳು ಸೇರಿ 2,781 ರೋಗಿಗಳನ್ನು ದಾಖಲಿಸಿದವು. 2009ರಲ್ಲಿ ಪ್ರಕಟವಾದ ಈ ಅಧ್ಯಯನ ಇಂದಿಗೂ ಎಲ್ಲರೂ ಎತ್ತಿ ಹೇಳುವಂಥದ್ದು. ಅಲ್ಲಿ ರೋಗಿಗಳ ಮಧ್ಯಾಂಕ ವಯಸ್ಸು ಸುಮಾರು 58. ಎಲ್ಲಕ್ಕಿಂತ ಹೆಚ್ಚು ಕಂಡ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಆರಿಯಸ್, ಶೇ. 31. ಕಲ್ಚರ್‌ನಲ್ಲಿ ಏನೂ ಬೆಳೆಯದವರು ಹತ್ತರಲ್ಲಿ ಒಬ್ಬರು. ಆಸ್ಪತ್ರೆಯಲ್ಲೇ ಸತ್ತವರು ಶೇ. 18. ಇದಕ್ಕೆ ಚಂಡೀಗಢದ ಪಿಜಿಐ ಆಸ್ಪತ್ರೆ 1981ರಿಂದ 1991ರವರೆಗೆ ಕಂಡ 186 ರೋಗಿಗಳನ್ನು ಹೋಲಿಸಿ. ಸರಾಸರಿ ವಯಸ್ಸು 25; ಹತ್ತರಲ್ಲಿ ನಾಲ್ವರಿಗೆ ರುಮ್ಯಾಟಿಕ್ ಕವಾಟ; ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕದ್ದು ಅರ್ಧಕ್ಕಿಂತ ಕಡಿಮೆ ಜನರಲ್ಲಿ; ನಾಲ್ವರಲ್ಲಿ ಒಬ್ಬರು ಉಳಿಯಲಿಲ್ಲ. ಮುಂದಿನ ದಶಕದಲ್ಲಿ ಲಖನೌದ ಸಂಜಯ್ ಗಾಂಧಿ ಸಂಸ್ಥೆ 192 ರೋಗಿಗಳಲ್ಲಿ ಕಂಡದ್ದೂ ಇದೇ ಬಗೆಯ ಚಿತ್ರ: ಸರಾಸರಿ ವಯಸ್ಸು ಇಪ್ಪತ್ತೇಳರ ಆಸುಪಾಸು, ರುಮ್ಯಾಟಿಕ್ ಕವಾಟ ಸುಮಾರು ಅರ್ಧ ಜನರಿಗೆ, ಮೂರರಲ್ಲಿ ಒಂದು ಭಾಗದಷ್ಟು ಕಲ್ಚರ್ ಖಾಲಿ. ಅಂದರೆ ಅಲ್ಲಿ ಇದು ಅಜ್ಜನ ರೋಗ, ಇಲ್ಲಿ ಮೊಮ್ಮಗನದು. ಅಲ್ಲಿ ಡಯಾಲಿಸಿಸ್ಸು, ಪೇಸ್‌ಮೇಕರ್ ತಂತಿ, ಮುಪ್ಪಿನಿಂದ ಸವೆದ ಕವಾಟ. ಇಲ್ಲಿ ರುಮ್ಯಾಟಿಕ್ ಕವಾಟ, ಅದೂ ಒಬ್ಬ ಸಂಸಾರಸ್ಥನ ದುಡಿಮೆಯ ಹರೆಯದಲ್ಲಿ. ಈ ಎರಡು ಗುಂಪುಗಳಿಗೆ ಒಂದೇ ಗ್ರಂಥದ ಅಧ್ಯಾಯ ಓದಿ ಚಿಕಿತ್ಸೆ ಮಾಡುತ್ತಿದ್ದೇವೆ.

ಕಲ್ಚರ್ ಇಲ್ಲಿ ಖಾಲಿ ಬರುವುದೇಕೆ? ಪ್ರಯೋಗಾಲಯದ ಕೊರತೆ ಒಂದು ಕಾರಣ, ಆದರೆ ದೊಡ್ಡ ಕಾರಣ ಅದಲ್ಲ. ಜ್ವರ ಹಿಡಿದವನು ಹಳ್ಳಿಯಿಂದ ಹೊರಟು ದೊಡ್ಡಾಸ್ಪತ್ರೆ ಮುಟ್ಟುವ ದಾರಿಯನ್ನೇ ನೋಡಿ. ಮೊದಲು ಆರ್‌ಎಂಪಿ ಡಾಕ್ಟರು: ಒಂದು ಸೂಜಿ, ಒಂದು ಗ್ಲೂಕೋಸ್ ಬಾಟಲಿ, ಮೂರು ದಿನದ ಮಾತ್ರೆ. ಇಳಿಯದಿದ್ದರೆ ವೈಡಾಲ್ ಪರೀಕ್ಷೆ. ಅದು ಟೈಫಾಯಿಡ್ ಅಲ್ಲದವರಿಗೂ ಹೂಂ ಎನ್ನುವ ಧಾರಾಳಿ. ಆಮೇಲೆ ಐದೋ ಏಳೋ ದಿನ ಸೆಫ್‌ಟ್ರಯಾಕ್ಸೋನ್ ಸೂಜಿ. ಜ್ವರ ಇಳಿಯುತ್ತದೆ, ಏಕೆಂದರೆ ಕವಾಟದ ಗಡ್ಡೆಯ ಹೊರಮೈಯಲ್ಲಿರುವ ಬ್ಯಾಕ್ಟೀರಿಯಾ ಅದಕ್ಕೆ ಸಾಯುತ್ತದೆ. ಟೈಫಾಯಿಡ್ ವಾಸಿಯಾಯಿತು ಎಂದು ಎಲ್ಲರೂ ನಂಬುತ್ತಾರೆ. ಹತ್ತು ಹದಿನೈದು ದಿನಕ್ಕೆ ಒಳಗಿನವು ಮತ್ತೆ ಹೊರಬರುತ್ತವೆ. ಎರಡನೆಯ ಸುತ್ತು, ಬೇರೆ ಆಂಟಿಬಯಾಟಿಕ್. ತೂಕ ಇಳಿಯುತ್ತಿದೆಯಲ್ಲ ಎಂದು ಯಾರೋ ಟಿಬಿ ಎನ್ನುತ್ತಾರೆ. ಕರ್ನೂಲಿಗೋ ಬಳ್ಳಾರಿಗೋ ಮುಟ್ಟಿ ರಕ್ತ ಸೀಸೆಗೆ ಬೀಳುವ ಹೊತ್ತಿಗೆ ಅದರಲ್ಲಿ ಬ್ಯಾಕ್ಟೀರಿಯಾಕ್ಕಿಂತ ಮದ್ದೇ ಹೆಚ್ಚು. 2014ರ ಮಾರ್ಚಿನಿಂದ ಈ ಜಾತಿಯ ಸೂಜಿಮದ್ದುಗಳು ಎಚ್-1 ಪಟ್ಟಿಯಲ್ಲಿವೆ. ಚೀಟಿಯಿಲ್ಲದೆ ಕೊಡಬಾರದು, ಕೊಟ್ಟದ್ದನ್ನು ಅಂಗಡಿಯವರು ಬರೆದಿಡಬೇಕು. ಆ ರಿಜಿಸ್ಟರು ಎಷ್ಟು ಅಂಗಡಿಯಲ್ಲಿ ತುಂಬುತ್ತಿದೆ ಎಂಬುದು ಈ ಸಭೆಯಲ್ಲಿರುವವರಿಗೆ ನಾನು ಹೇಳಬೇಕಾದ ಸಂಗತಿಯಲ್ಲ.

ಒಂದೆರಡು ಸೂಜಿಯಿಂದ ಅಷ್ಟೊಂದು ವ್ಯತ್ಯಾಸ ಆಗುತ್ತದೆಯೇ ಎಂದು ಕೇಳಬಹುದು. ಇದನ್ನು ಅಳೆದು ನೋಡಿದ್ದಾರೆ. ಉತ್ತರ ಅಮೆರಿಕದ ಏಳು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ತೀವ್ರ ಸೋಂಕಿನ 325 ರೋಗಿಗಳ ರಕ್ತವನ್ನು ಆಂಟಿಬಯಾಟಿಕ್ ಕೊಡುವ ಮುಂಚೆ ಒಮ್ಮೆ, ಕೊಟ್ಟ ಎರಡು ಗಂಟೆಯೊಳಗೆ ಇನ್ನೊಮ್ಮೆ ತೆಗೆದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮುಂಚೆ ತೆಗೆದದ್ದರಲ್ಲಿ 102 ಮಂದಿಗೆ ಬ್ಯಾಕ್ಟೀರಿಯಾ ಬೆಳೆಯಿತು, ಆಮೇಲೆ ತೆಗೆದದ್ದರಲ್ಲಿ 63 ಮಂದಿಗೆ ಮಾತ್ರ. ಅದೇ ರೋಗಿ, ಅದೇ ರಕ್ತ, ನಡುವೆ ಎರಡು ಗಂಟೆಯೂ ಇಲ್ಲ. ಇದು ಎಂಡೋಕಾರ್ಡೈಟಿಸ್ಸಿನ ಅಧ್ಯಯನವಲ್ಲ, ಒಪ್ಪುತ್ತೇನೆ. ಕವಾಟದ ಸೋಂಕಿನಲ್ಲಿ ಬ್ಯಾಕ್ಟೀರಿಯಾ ಎಡೆಬಿಡದೆ ರಕ್ತಕ್ಕೆ ಇಳಿಯುತ್ತಿರುವುದರಿಂದ ಎರಡು ಗಂಟೆಗೆ ಅಷ್ಟು ನಷ್ಟ ಆಗಲಿಕ್ಕಿಲ್ಲ. ಆದರೆ ನಮ್ಮಲ್ಲಿ ನಡುವೆ ಕಳೆಯುವುದು ಎರಡು ಗಂಟೆಯಲ್ಲ, ಎರಡು ತಿಂಗಳು.

ಕಲ್ಚರ್ ಖಾಲಿ ಬಂದರೆ ರೋಗಿಗೆ ಆಗುವ ನಷ್ಟ ಎಲ್ಲರಿಗೂ ಕಾಣುತ್ತದೆ: ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ ಎರಡು ಮೂರು ಬಲವಾದ ಮದ್ದುಗಳನ್ನು ಒಟ್ಟಿಗೆ ಸುರಿಯಬೇಕು, ಮೂತ್ರಪಿಂಡ ಅದರ ಸುಂಕ ಕಟ್ಟುತ್ತದೆ. ಸಂಶೋಧನೆಗೆ ಆಗುವ ನಷ್ಟ ಅಷ್ಟು ಸುಲಭವಾಗಿ ಕಾಣುವುದಿಲ್ಲ. 1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಡ್ಯುರಾಕ್ ಮತ್ತು ಸಂಗಡಿಗರು ಈ ರೋಗವನ್ನು ಗುರುತಿಸಲು ಒಂದು ಅಳತೆಗೋಲು ಕೊಟ್ಟರು. ಅದನ್ನು 2000ದಲ್ಲೂ 2023ರಲ್ಲೂ ತಿದ್ದಿದ್ದಾರೆ, ಬುನಾದಿ ಮಾತ್ರ ಅದೇ. ಅದರಲ್ಲಿ ಎರಡು ದೊಡ್ಡ ಸಾಕ್ಷಿಗಳು: ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕು, ಎಕೋ ಪರೀಕ್ಷೆಯಲ್ಲಿ ಗಡ್ಡೆಯೋ ಹೊಸದಾಗಿ ಕೆಟ್ಟ ಕವಾಟವೋ ಕಾಣಬೇಕು. ಎರಡೂ ಇದ್ದರೆ ರೋಗ ಖಚಿತ. ಒಂದೇ ಇದ್ದರೆ ಸಣ್ಣ ಸಾಕ್ಷಿಗಳು ಮೂರು ಕೂಡಬೇಕು, ಇಲ್ಲದಿದ್ದರೆ ಇರಬಹುದು ಎಂಬ ಸಂಶಯದ ಪಟ್ಟಿಗೆ. ಮದ್ದಿನ ಪರೀಕ್ಷೆ ನಡೆಸುವವರು ಖಚಿತವಾದವರನ್ನೇ ಆರಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಹೀಗೆ ಕಲ್ಚರ್ ಖಾಲಿಯಾದ ನಮ್ಮ ಇಪ್ಪತ್ತೈದರ ಹುಡುಗ ಅಳತೆಗೋಲಿನ ಹೊಸ್ತಿಲಲ್ಲೇ ಉಳಿದುಬಿಡುತ್ತಾನೆ. ಯಾರೂ ಅವನನ್ನು ಬೇಕೆಂದು ಹೊರಗಿಟ್ಟಿಲ್ಲ. ಮೊದಲ ಸೂಜಿಯೇ ಹೊರಗಿಟ್ಟಿದೆ.

ಹೊರಗುಳಿದದ್ದರ ಬೆಲೆ ಏನೆಂಬುದಕ್ಕೆ ಡೆನ್ಮಾರ್ಕಿನ ಒಂದು ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪೋಯೆಟ್ ಎಂದು ಅದರ ಹೆಸರು. ಫಲಿತಾಂಶ 2018ರಲ್ಲಿ ಹೊರಬಿತ್ತು. ಆರು ವಾರ ನರಕ್ಕೇ ಮದ್ದು ಏರಿಸಬೇಕು ಎಂಬ ಎಪ್ಪತ್ತು ವರ್ಷದ ನಿಯಮವನ್ನು ಅವರು ಪ್ರಶ್ನಿಸಿದರು. ಕನಿಷ್ಠ ಹತ್ತು ದಿನ ನರದ ಮೂಲಕ ಮದ್ದು ಪಡೆದು ಸ್ಥಿರವಾದ 400 ರೋಗಿಗಳಲ್ಲಿ 199 ಮಂದಿಗೆ ಅದನ್ನೇ ಮುಂದುವರಿಸಿದರು, 201 ಮಂದಿಗೆ ಎರಡು ಬಗೆಯ ಮಾತ್ರೆ ಒಟ್ಟಿಗೆ ಕೊಟ್ಟರು. ಸಾವು, ಅನಿರೀಕ್ಷಿತ ಆಪರೇಷನ್, ರಕ್ತನಾಳದಲ್ಲಿ ಚೂರು ಸಿಕ್ಕಿಕೊಳ್ಳುವುದು, ಸೋಂಕು ಮರುಕಳಿಸುವುದು, ಇವಿಷ್ಟನ್ನೂ ಸೇರಿಸಿ ಎಣಿಸಿದಾಗ ನರದ ಮದ್ದಿನವರಲ್ಲಿ ಶೇ. 12.1, ಮಾತ್ರೆಯವರಲ್ಲಿ ಶೇ. 9. ಮಾತ್ರೆ ಹಿಂದೆ ಬೀಳಲಿಲ್ಲ. ಈ ಸುದ್ದಿ ಕೋಪನ್‌ಹೇಗನ್ನಿಗಿಂತ ನೂರು ಪಾಲು ಹೆಚ್ಚು ಬೇಕಾದದ್ದು ನಮಗೆ. ಕೋಸಿಗಿ, ಮಂತ್ರಾಲಯ, ಆಲೂರು, ದೇವನಕೊಂಡ ಕಡೆಯ ಕೂಲಿಕಾರರು ಮಳೆ ಕೈಕೊಟ್ಟ ವರ್ಷ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರು ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಈ ಕಡೆಯ ಮಾತಿನಲ್ಲಿ ಅದು ಸುಗ್ಗಿಗೆ ಹೋಗುವುದು. ಮನೆಗೆ ಕಾಳು ಬರುವ ಕಾಲಕ್ಕೆ ಇದ್ದ ಹೆಸರು ಮನೆ ಬಿಟ್ಟು ಹೋಗುವ ಕಾಲಕ್ಕೆ ಅಂಟಿಕೊಂಡಿದೆ. ಅಂಥ ಮನೆಯ ರೋಗಿ ಆರು ವಾರ ಆಸ್ಪತ್ರೆಯಲ್ಲಿ ಮಲಗಿದರೆ ಅವನ ಕೂಲಿ ಹೋಗುತ್ತದೆ, ಪಕ್ಕದಲ್ಲಿ ಕೂರುವವರ ಕೂಲಿ ಹೋಗುತ್ತದೆ, ಮೇಸ್ತ್ರಿಯ ಮುಂಗಡ ಹಾಗೇ ತಲೆಯ ಮೇಲೆ ಉಳಿಯುತ್ತದೆ. ಹಾಸಿಗೆ ಉಚಿತವಾದರೂ ಕಾಲ ಉಚಿತವಲ್ಲ. ಜ್ವರ ಬಿಟ್ಟ ಎರಡನೆಯ ವಾರಕ್ಕೆ ಹೇಳದೆ ಎದ್ದು ಹೋಗುವವನನ್ನು ಬೇಜವಾಬ್ದಾರಿ ಎಂದು ಬೈಯುವುದು ಸುಲಭ. ಎರಡು ವಾರದ ಮೇಲೆ ಮಾತ್ರೆ ಕೊಟ್ಟು ಕಳಿಸಬಹುದಾದರೆ ಅವನ ಚಿಕಿತ್ಸೆಯೂ ಮುಗಿಯುತ್ತದೆ, ಮನೆಯೂ ಉಳಿಯುತ್ತದೆ. ಆದರೆ ಪೋಯೆಟ್ ಪರೀಕ್ಷೆಗೆ ಸೇರಿದ ಪ್ರತಿಯೊಬ್ಬನ ರಕ್ತದಲ್ಲೂ ಬೆಳೆದ ಬ್ಯಾಕ್ಟೀರಿಯಾ ಯಾವುದೆಂದು ಗೊತ್ತಿತ್ತು, ಯಾವ ಮದ್ದಿಗೆ ಅದು ಬಗ್ಗುತ್ತದೆ ಎಂಬುದೂ ಗೊತ್ತಿತ್ತು; ಮಾತ್ರೆಯ ಜೋಡಿಯನ್ನು ಆರಿಸಿದ್ದು ಅದರ ಮೇಲೆಯೇ. ಹೆಸರಿಲ್ಲದ ಬ್ಯಾಕ್ಟೀರಿಯಾಕ್ಕೆ ಕೊಡುವ ಮಾತ್ರೆ ಅದರಲ್ಲಿಲ್ಲ. ಜೊತೆಗೆ ಅಲ್ಲಿನವರ ಸರಾಸರಿ ವಯಸ್ಸು 67. ಪರಿಶೀಲಿಸಿದ 1,954 ಮಂದಿಯಲ್ಲಿ ಆಯ್ಕೆಯಾದವರು ಐದರಲ್ಲಿ ಒಬ್ಬರಷ್ಟೇ. ನಮ್ಮ ರುಮ್ಯಾಟಿಕ್ ಕವಾಟದ ಯುವಕನಿಗೆ ಇದು ಹೊಂದುತ್ತದೆಯೇ ಎಂಬುದನ್ನು ಡೆನ್ಮಾರ್ಕಿನವರು ಹೇಳಿಕೊಡಲಾರರು. ನಾವೇ ನೋಡಬೇಕು, ನೋಡಲು ಬೇಕಾದ ಮೊದಲ ಸಾಮಾನು ಮತ್ತದೇ ರಕ್ತದ ಸೀಸೆ.

ಆಪರೇಷನ್ನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ದೊಡ್ಡ ಗಡ್ಡೆ, ಕೆಟ್ಟ ಕವಾಟ ಇದ್ದವರಿಗೆ 48 ಗಂಟೆಯೊಳಗೆ ಆಪರೇಷನ್ ಮಾಡಿದರೆ ಹೇಗೆ ಎಂದು ದಕ್ಷಿಣ ಕೊರಿಯಾದಲ್ಲಿ 76 ರೋಗಿಗಳ ಮೇಲೆ ನಡೆದ ಪರೀಕ್ಷೆ 2012ರಲ್ಲಿ ಪ್ರಕಟವಾಯಿತು. ಬೇಗ ಮಾಡಿದ 37 ಮಂದಿಯಲ್ಲಿ ಒಬ್ಬನಿಗೆ, ಕಾದು ನೋಡಿದ 39 ಮಂದಿಯಲ್ಲಿ ಒಂಬತ್ತು ಜನರಿಗೆ ಸಾವು ಅಥವಾ ಚೂರು ಸಿಡಿದ ಅಪಾಯ ಎದುರಾಯಿತು. ನಮ್ಮ ಕಡೆಯವರಿಗೆ ಪುಟ್ಟಪರ್ತಿಯ ಉಚಿತ ಆಸ್ಪತ್ರೆ 1991ರಿಂದ ಇದೆ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದೆ, 2007ರಲ್ಲಿ ಶುರುವಾದ ಆರೋಗ್ಯಶ್ರೀ ಯೋಜನೆ ಹೆಸರು ಬದಲಿಸುತ್ತಾ ನಡೆದುಬಂದಿದೆ. ಕತ್ತಿ ಹಿಡಿಯುವ ಕೈಗೆ ಕೊರತೆ ಇರಬಹುದು, ಬರಗಾಲವಿಲ್ಲ. ತಡವಾಗುವುದು ಅಲ್ಲಿಗೆ ಮುಟ್ಟುವ ಮುಂಚೆ.

ಬೇರೆ ಕಡೆಯ ಸಂಶೋಧನೆಯನ್ನೇ ಎರವಲು ತಂದರೆ ಸಾಲದೇ, ವಿಜ್ಞಾನಕ್ಕೆ ಊರು ಕೇರಿ ಉಂಟೇ ಎಂದು ಕೇಳುವವರಿಗೆ ಹಲ್ಲಿನ ಉದಾಹರಣೆ ಕೊಡುತ್ತೇನೆ. ಕವಾಟ ಕೆಟ್ಟವರು ಹಲ್ಲು ಕೀಳಿಸುವ ಮುಂಚೆ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 1955ರಿಂದ ಹೇಳುತ್ತಿತ್ತು. 2007ರಲ್ಲಿ ಪಟ್ಟಿಯನ್ನು ಕತ್ತರಿಸಿ, ಕೃತಕ ಕವಾಟ ಇದ್ದವರು, ಹಿಂದೊಮ್ಮೆ ಈ ಸೋಂಕು ಬಂದವರು ಮುಂತಾದ ಕೆಲವರಿಗೆ ಮಾತ್ರ ಉಳಿಸಿತು. ರುಮ್ಯಾಟಿಕ್ ಕವಾಟದವರು ಪಟ್ಟಿಯಿಂದ ಬಿದ್ದುಹೋದರು. ಅಮೆರಿಕದ ಮಟ್ಟಿಗೆ ಅದು ದೊಡ್ಡ ಮಾತಲ್ಲ, ಅಲ್ಲಿ ಅಂಥವರು ಅಪರೂಪ. ಆಸ್ಟ್ರೇಲಿಯಾದವರು ಮಾತ್ರ ತಮ್ಮ ಮೂಲನಿವಾಸಿಗಳಲ್ಲಿ ರುಮ್ಯಾಟಿಕ್ ರೋಗ ಎಷ್ಟಿದೆ, ಅವರಿಗೆ ಹಲ್ಲಿನ ವೈದ್ಯರು ಎಷ್ಟು ದೂರ ಎಂಬುದನ್ನು ತಮ್ಮದೇ ಲೆಕ್ಕದಿಂದ ಬಲ್ಲವರಾಗಿ ಆ ಗುಂಪನ್ನು ಪಟ್ಟಿಯಲ್ಲಿ ಉಳಿಸಿಕೊಂಡರು. ವಿಜ್ಞಾನ ಒಂದೇ, ತೀರ್ಮಾನ ಎರಡು. ಎರಡೂ ಅವರವರ ನೆಲಕ್ಕೆ ಸರಿ. ನಾವು ಯಾವುದನ್ನು ಹಿಡಿಯಬೇಕೆಂದು ಹೇಳಲು ನಮ್ಮ ಬಳಿ ಎಣಿಕೆ ಬೇಕಲ್ಲ. ಇದರ ಜೊತೆಗೇ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೆನೆಯಬೇಕು. ಮದ್ದಿಲ್ಲದೆ ಹಲ್ಲು ಕಿತ್ತವರಲ್ಲಿ ಶೇ. 60, ಮದ್ದು ಕೊಟ್ಟು ಕಿತ್ತವರಲ್ಲಿ ಶೇ. 33, ಬರೀ ಹಲ್ಲುಜ್ಜಿದವರಲ್ಲಿ ಶೇ. 23 ಮಂದಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಕಂಡಿತು. ಹಲ್ಲು ಕೀಳಿಸುವುದು ಆಯುಸ್ಸಿನಲ್ಲಿ ಎರಡು ಮೂರು ಸಲ, ಉಜ್ಜುವುದು ದಿನಾ. ಕವಾಟದ ರೋಗಿಯ ವಸಡು ಗಟ್ಟಿಯಾಗಿರಬೇಕಾದದ್ದು ಅದಕ್ಕೆ. ಸೊಂಟದಲ್ಲಿ ಗುಟ್ಕಾ ಚೀಟಿ ಸಿಕ್ಕಿಸಿಕೊಂಡು ಹೃದಯದ ಮಾತ್ರೆ ನುಂಗುವ ರೋಗಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಿದ್ದಾರೆಯೇ ಎಂಬುದು ಬೇರೆಯೇ ವಿಷಯ.

ಇನ್ನು ಆಕ್ಷೇಪಗಳು. ಸೋಂಕಿನಿಂದ ಬಿದ್ದವನಿಗೆ ಮದ್ದು ತಡಮಾಡಿ ರಕ್ತ ತೆಗೆಯುತ್ತ ಕೂರುವುದು ಕೊಲೆಯಲ್ಲವೇ ಎಂದು ವೈದ್ಯರೇ ಕೇಳುತ್ತಾರೆ. ಬಿಪಿ ಕುಸಿದವನ ವಿಷಯದಲ್ಲಿ ಅದು ಸರಿ; ಅಲ್ಲಿ ಎರಡು ತೋಳಿನಿಂದ ರಕ್ತ ತೆಗೆದು ಆ ಕೂಡಲೇ ಮದ್ದು ಕೊಡಬೇಕು, ಅದಕ್ಕೆ ಹಿಡಿಯುವುದು ಹತ್ತು ನಿಮಿಷ. ನಾನು ಹೇಳುತ್ತಿರುವುದು ಮೂರು ವಾರದ ಜ್ವರ ಹೊತ್ತು ತಾನೇ ಬಸ್ಸಿಳಿದು ನಡೆದು ಬರುವವನ ಮಾತು. ಅವನಿಗೆ ಅರ್ಧ ದಿನ ಕಾದರೆ ಏನೂ ಆಗುವುದಿಲ್ಲ. ಜ್ವರ ಏರುವ ಗಳಿಗೆಗಾಗಿ ಕಾಯುವುದೂ ಬೇಡ. ಈ ರೋಗದಲ್ಲಿ ಬ್ಯಾಕ್ಟೀರಿಯಾ ರಕ್ತದಲ್ಲಿ ಎಲ್ಲ ಹೊತ್ತೂ ಇರುತ್ತದೆ. ಎರಡನೆಯದು ಜನರ ಭಯ: ಇದ್ದಬದ್ದ ರಕ್ತವನ್ನೆಲ್ಲ ಹೀರಿಕೊಂಡರು ಎಂಬ ಮಾತು. ಮೂರು ಸಲಕ್ಕೆ ಇಪ್ಪತ್ತರಂತೆ 60 ಮಿಲಿಲೀಟರ್, ಒಂದು ಸಣ್ಣ ಚಾ ಲೋಟ. ರಕ್ತದಾನಿಯಿಂದ 350 ತೆಗೆಯುತ್ತಾರೆ. ಭಯಕ್ಕೆ ಹೆದರಿ ಐದು ಮಿಲಿಲೀಟರ್ ತೆಗೆದು ಕಳಿಸುವುದು ತೆಗೆಯದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಖಾಲಿ ಬಂದು ರೋಗ ಇಲ್ಲವೆಂಬ ಸುಳ್ಳು ಭರವಸೆ ಕೊಡುತ್ತದೆ. ಮೂರನೆಯದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆಲ್ಲ ಯಂತ್ರ ಎಲ್ಲಿದೆ? ಯಂತ್ರ ಅಲ್ಲಿ ಬೇಕಾಗಿಲ್ಲ. ಸೀಸೆಯನ್ನು ಫ್ರಿಜ್ಜಿನಲ್ಲಿಡದೆ, ಬಿಸಿಲಿಗೂ ಒಡ್ಡದೆ ಆದಷ್ಟು ಬೇಗ ಕರ್ನೂಲಿಗೆ ಕಳಿಸಿದರೆ ಸಾಕು. ಟಿಬಿ ಕಾರ್ಯಕ್ರಮದ ಕಫದ ಡಬ್ಬಿ ಊರಿಂದೂರಿಗೆ ಪ್ರಯಾಣ ಮಾಡುತ್ತಿದೆ. ಅದೇ ದಾರಿಯಲ್ಲಿ ರಕ್ತದ ಸೀಸೆ ಹೋಗಲಾರದೇ?

ಸಂಖ್ಯೆಯ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದದ್ದು. ಒಂದು ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ರೋಗಿ ಸಿಕ್ಕರೆ ಅದು ಸಂಶೋಧನೆಯಾಗುತ್ತದೆಯೇ? ಹಿಂದೆ ಹೇಳಿದ 2,781ನ್ನು 58 ಆಸ್ಪತ್ರೆಗೆ ಭಾಗಿಸಿ ನೋಡಿ: ಒಂದಕ್ಕೆ 48. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹತ್ತೂ ಇಲ್ಲ. ಜಗತ್ತಿನ ಹೆಸರಾಂತ ಆಸ್ಪತ್ರೆಗಳ ಪಾಡೇ ಇದು. ಹನಿ ಕೂಡಿಸುವುದು ಬಿಟ್ಟರೆ ಈ ರೋಗದಲ್ಲಿ ಬೇರೆ ವಿಧಾನವಿಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಮೂರರಿಂದ ಹತ್ತು ಮಂದಿಗೆ ಇದು ಬರುತ್ತದೆಂದು ಶ್ರೀಮಂತ ದೇಶಗಳ ಲೆಕ್ಕ. ಅದೇ ದರ ಇಲ್ಲಿಗೂ ಹೊಂದುತ್ತದೆ ಎಂದಿಟ್ಟುಕೊಂಡರೆ, 2022ರ ವಿಭಜನೆಯ ನಂತರ ಸುಮಾರು 22 ಲಕ್ಷ ಜನ ಉಳಿದ ಕರ್ನೂಲು ಜಿಲ್ಲೆಯಲ್ಲಿ ವರ್ಷಕ್ಕೆ ಅರವತ್ತಾರರಿಂದ ಇನ್ನೂರಿಪ್ಪತ್ತು. ಚಂಡೀಗಢಕ್ಕೆ ಹತ್ತು ವರ್ಷ ಹಿಡಿದ ಎಣಿಕೆಯನ್ನು ಈ ಒಂದು ಜಿಲ್ಲೆ ಮೂರೇ ವರ್ಷದಲ್ಲಿ ಮುಟ್ಟಬಹುದು, ಎಲ್ಲರ ರಕ್ತವೂ ಹೊತ್ತಿಗೆ ಸರಿಯಾಗಿ ಸೀಸೆ ಸೇರಿದರೆ.

ಇಷ್ಟೆಲ್ಲ ಯಾಕೆ, ರುಮ್ಯಾಟಿಕ್ ಜ್ವರವನ್ನೇ ತಡೆದರೆ ಬೇರು ಕಿತ್ತಂತಾಗುವುದಿಲ್ಲವೇ? ಈ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಉಗಾಂಡದಲ್ಲಿ ಎಕೋದಲ್ಲಷ್ಟೇ ಕಾಣುವ ಎಳೆಯ ಕವಾಟರೋಗವಿದ್ದ 818 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಪಡೆದವರಲ್ಲಿ ಎರಡು ವರ್ಷಕ್ಕೆ ರೋಗ ಮುಂದುವರಿದದ್ದು ಶೇ. 0.8, ಪಡೆಯದವರಲ್ಲಿ ಶೇ. 8.2. ಇದಕ್ಕಿಂತ ಸ್ಪಷ್ಟವಾದ ಫಲ ವೈದ್ಯಶಾಸ್ತ್ರದಲ್ಲಿ ಅಪರೂಪ. ಆದರೆ ಈಗಾಗಲೇ ಕವಾಟ ಕೆಟ್ಟವರು, ಕೃತಕ ಕವಾಟ ಹಾಕಿಸಿಕೊಂಡು ಊರಿಗೆ ಮರಳಿದವರು ಇಲ್ಲಿ ಬದುಕುತ್ತಿದ್ದಾರೆ. ಆ ಪೆನಿಸಿಲಿನ್ ಸೂಜಿ ಅವರನ್ನು ಎಂಡೋಕಾರ್ಡೈಟಿಸ್ಸಿನಿಂದ ಕಾಯುವುದಿಲ್ಲ; ರಕ್ತದಲ್ಲಿ ಅದರ ಮಟ್ಟ ಅಷ್ಟು ಸಾಲದು. ತಿಂಗಳ ಸೂಜಿಯೂ ಸುಗ್ಗಿಗೆ ಹೋದವರಿಗೆ ತಪ್ಪುತ್ತದೆ ಎಂಬುದು ಇದ್ದೇ ಇದೆ.

ಕೊನೆಯದೊಂದು ಆಕ್ಷೇಪವಿದೆ, ಅದನ್ನು ಎತ್ತುವವರು ಕಡಿಮೆ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ. ಮದ್ದು ಮುಟ್ಟದ ರಕ್ತದಲ್ಲೂ ಕೆಲವೊಮ್ಮೆ ಏನೂ ಬೆಳೆಯದು. ಆಗ ಸೀಸೆಯಿಂದ ಏನು ಬಂತು? ನನ್ನ ಲೆಕ್ಕದಲ್ಲಿ ಖಾಲಿ ಸೀಸೆ ಬಾಯಿಬಿಟ್ಟು ಮಾತಾಡುವುದು ಆಗಲೇ. ಮದ್ದು ತಾಗಿದ ರಕ್ತ ಖಾಲಿ ಬಂದರೆ ಅದಕ್ಕೆ ಅರ್ಥವಿಲ್ಲ. ತಾಗದ ರಕ್ತ ಖಾಲಿ ಬಂದರೆ ಅದೊಂದು ಸುಳಿವು. ಸಾಮಾನ್ಯ ಸೀಸೆಯಲ್ಲಿ ಬೆಳೆಯದ ಕಾಕ್ಸಿಯೆಲ್ಲಾ, ತಡವಾಗಿ ಬೆಳೆಯುವ ಬ್ರುಸೆಲ್ಲಾ ಎರಡೂ ಕುರಿ, ಮೇಕೆ, ದನಗಳಿಂದ ಮನುಷ್ಯನಿಗೆ ದಾಟುವಂಥವು, ಎರಡೂ ಕವಾಟಕ್ಕೆ ಹತ್ತುವಂಥವು. ಇದು ಕುರಿಹಟ್ಟಿಗಳ ಸೀಮೆ. ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಯಲ್ಲಿ ಎಳೆಯುವುದು, ಕಾಯಿಸದ ಹಾಲು ಕುಡಿಯುವುದು ಇಲ್ಲಿ ದಿನದ ಬಾಳು. 2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮ ಬ್ರುಸೆಲ್ಲಾ ತರುವ ಕಂದು ರೋಗಕ್ಕೆ ದನ ಎಮ್ಮೆಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕುತ್ತದೆ, ಕುರಿ ಮೇಕೆಗಳಿಗಲ್ಲ. ಕಾಕ್ಸಿಯೆಲ್ಲಾ ಆದರೆ ಡಾಕ್ಸಿಸೈಕ್ಲಿನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಎರಡನ್ನೂ ಹದಿನೆಂಟು ತಿಂಗಳಾದರೂ ಕೊಡಬೇಕು. ಆರು ವಾರದ ದುಬಾರಿ ವ್ಯಾಂಕೊಮೈಸಿನ್ ಅದಕ್ಕೆ ನೀರಿಗೆ ಸಮ. 2023ರ ಅಳತೆಗೋಲು ಕಾಕ್ಸಿಯೆಲ್ಲಾಕ್ಕೆ ರಕ್ತದ ಪ್ರತಿಕಾಯ ಪರೀಕ್ಷೆಯನ್ನೂ ದೊಡ್ಡ ಸಾಕ್ಷಿಯಾಗಿ ಒಪ್ಪುತ್ತದೆ. ಹಾಗಾಗಿ ಕಲ್ಚರ್ ಸೀಸೆಯ ಜೊತೆ ಐದು ಮಿಲಿಲೀಟರ್ ರಕ್ತದ ಸೀರಂ ತೆಗೆದಿಟ್ಟರೆ, ಬೆಂಗಳೂರಿನ ನಿವೇದಿಯಂಥ ಪಶುರೋಗ ಸಂಸ್ಥೆಗಳ ತಿಳಿವಳಿಕೆಯೂ ನಮ್ಮ ನೆರವಿಗೆ ಬರುತ್ತದೆ. ದೇವನಕೊಂಡದ ಕುರಿಗಾಹಿಯ ಕವಾಟದಲ್ಲಿ ಏನಿದೆ ಎಂಬುದು ಪೋಯೆಟ್ ನಡೆಸಿದವರಿಗೂ ಗೊತ್ತಿಲ್ಲದ ಪ್ರಶ್ನೆ. ಇಲ್ಲಿ ಉತ್ತರ ಸಿಕ್ಕರೆ ಅದನ್ನು ಓದಬೇಕಾದವರು ಅವರು.

ಉಳಿದದ್ದು ಕಾಗದದ ತೊಡಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ಜ್ವರ ಹಿಡಿದವರು ಗಡಿ ನೋಡಿ ನಡೆಯುವುದಿಲ್ಲ. ಒಮ್ಮೆ ಕರ್ನೂಲಿಗೆ, ಇನ್ನೊಮ್ಮೆ ಬಳ್ಳಾರಿಗೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕೇಸ್ ಶೀಟಿನಲ್ಲಿ ಇಂಗ್ಲಿಷು. ಎಕೋ ರಿಪೋರ್ಟು ಒಂದು ರಾಜ್ಯದಲ್ಲಿ, ಕಲ್ಚರ್ ರಿಪೋರ್ಟು ಇನ್ನೊಂದರಲ್ಲಿ. ಕಲ್ಚರ್ ಫಲ ಹೊರಬರಲು ಎರಡರಿಂದ ಐದು ದಿನ ಬೇಕು, ಅಷ್ಟರಲ್ಲಿ ರೋಗಿ ಗುಂಟೂರಿನ ಮೆಣಸಿನಕಾಯಿ ಹೊಲದಲ್ಲಿರಬಹುದು. ಸೀಸೆಯ ಜೊತೆ ಹೋಗುವ ಚೀಟಿಯಲ್ಲಿ ಹೆಸರು, ವಯಸ್ಸು, ಊರಿನ ಕೆಳಗೆ ಮೂರು ಸಾಲು ಹೆಚ್ಚಿಗೆ ಇರಲಿ: ಈವರೆಗೆ ಯಾವ ಸೂಜಿ ಎಷ್ಟು ದಿನ ಬಿತ್ತು, ಮನೆಯಲ್ಲಿ ಕುರಿ ಇವೆಯೇ, ಮತ್ತು ಸುಗ್ಗಿಗೆ ಕರೆದೊಯ್ಯುವ ಮೇಸ್ತ್ರಿಯ ಫೋನ್ ನಂಬರು.